ಟಿವಿಗೆ ಹೌದು, ಫ್ರಿಜ್ಜಿಗೆ ಬೇಡ: ಎಕ್ಸ್‌ಟೆಂಡೆಡ್ ವಾರಂಟಿಯ ಲೆಕ್ಕ

ಶೋರೂಮಿನಲ್ಲಿ ಸಾಮಾನು ಆರಿಸಿ, ಚೌಕಾಸಿ ಮುಗಿದು, ಬಿಲ್ಲು ಹಾಕಿಸುವ ಹೊತ್ತಿಗೆ ಕೌಂಟರಿನಿಂದ ಇನ್ನೊಂದು ಮಾತು ಬರುತ್ತದೆ: "ಸಾರ್, ಇನ್ನೊಂದು ಮೂರೂವರೆ ಸಾವಿರ ಹಾಕಿಬಿಡಿ, ಎರಡು ವರ್ಷ ಎಕ್ಸ್‌ಟ್ರಾ ವಾರಂಟಿ ಬರುತ್ತೆ, ಟೆನ್ಷನ್ ಇರಲ್ಲ." ಐವತ್ತು ಸಾವಿರದ ಬಿಲ್ಲಿನ ಮುಂದೆ ಮೂರೂವರೆ ಸಾವಿರ ಸಣ್ಣದಾಗಿ ಕಾಣುತ್ತದೆ, ಹೆಚ್ಚಿನವರು ಹೂಂ ಅನ್ನುತ್ತಾರೆ. ಆ ದುಡ್ಡಿಗೆ ಏನು ಸಿಗುತ್ತದೆ ಎಂದು ಓದಿ ನೋಡಲು ಆಗ ಪುರುಸೊತ್ತೂ ಇರುವುದಿಲ್ಲ, ಕಾಗದವೂ ಕೈಗೆ ಬಂದಿರುವುದಿಲ್ಲ. ಫ್ರಿಜ್, ವಾಷಿಂಗ್ ಮಷೀನ್, ಎಸಿ, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಮಾರುವ ಈ ಪ್ಲ್ಯಾನುಗಳನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಆ ಸಾಮಾನಿನಲ್ಲಿ ನಿಜವಾಗಿ ಕೆಡುವ ಪಾರ್ಟ್ ಯಾವುದು, ಅದು ಪ್ಲ್ಯಾನಿನ ಒಳಗಿದೆಯೇ, ಹೊರಗಿದೆಯೇ?

ಮೊದಲು, ಪ್ಲ್ಯಾನು ಯಾರದು ಎಂದು ನೋಡಿ. ಸಾಮಾನು ತಯಾರಿಸಿದ ಕಂಪನಿಯೇ ಕೊಡುವುದು ಒಂದು. ದೊಡ್ಡ ಶೋರೂಮಿನ ಸರಣಿಗಳು ತಮ್ಮದೇ ಹೆಸರಿನಲ್ಲಿ ಮಾರುವುದು ಇನ್ನೊಂದು. ತಯಾರಕರಿಗೂ ಅಂಗಡಿಗೂ ಸೇರದ ಮೂರನೆಯ ಕಂಪನಿಯೊಂದು ನಡೆಸುವುದು ಮತ್ತೊಂದು. ಆನ್‌ಲೈನಿನಲ್ಲಿ ಕೊಳ್ಳುವಾಗ ಕಾಣುವುದು ಹೆಚ್ಚಾಗಿ ಇದೇ. ತಯಾರಕರ ಪ್ಲ್ಯಾನಿನಲ್ಲಿ ಕಂಪನಿಯ ಮೆಕ್ಯಾನಿಕ್ಕೇ ಬರುತ್ತಾನೆ, ಒರಿಜಿನಲ್ ಪಾರ್ಟ್ ಹಾಕುತ್ತಾನೆ. ಉಳಿದ ಎರಡರಲ್ಲಿ ದೂರು ಮೊದಲು ಕಾಲ್ ಸೆಂಟರಿಗೆ ಹೋಗಿ, ಅಲ್ಲಿಂದ ನಿಮ್ಮೂರಿನ ಯಾವುದೋ ಸರ್ವಿಸ್ ಏಜೆನ್ಸಿಗೆ ಬರುತ್ತದೆ. ಅವರು ಎಸ್ಟಿಮೇಟ್ ಕಳಿಸಬೇಕು, ಪ್ಲ್ಯಾನಿನವರು ಒಪ್ಪಬೇಕು, ಆಮೇಲೆ ಪಾರ್ಟ್ ತರಿಸಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಶಿರಸಿಯಲ್ಲೋ ಸುಳ್ಯದಲ್ಲೋ ಇರುವವರು ತಮ್ಮ ಪಿನ್‌ಕೋಡಿಗೆ ಮನೆಗೇ ಬಂದು ಸರ್ವಿಸ್ ಮಾಡುತ್ತಾರೆಯೇ ಎಂದು ಕೇಳದೆ ಇಂಥ ಪ್ಲ್ಯಾನಿಗೆ ದುಡ್ಡು ಕೊಡಲೇಬಾರದು. 65 ಇಂಚಿನ ಟಿವಿಯನ್ನು ಜಿಲ್ಲಾ ಕೇಂದ್ರಕ್ಕೆ ನೀವೇ ತಲುಪಿಸಬೇಕು ಎಂದರೆ ಬಾಡಿಗೆ ಗಾಡಿಯ ಖರ್ಚಿಗಿಂತ ದಾರಿಯಲ್ಲಿ ಪ್ಯಾನೆಲ್ ಒಡೆಯುವ ಭಯವೇ ದೊಡ್ಡದು.

ಇನ್ನು ವರ್ಷದ ಲೆಕ್ಕ. "ಮೂರು ವರ್ಷದ ಪ್ಲ್ಯಾನು" ಎಂದರೆ ಕೆಲವೊಮ್ಮೆ ಕಂಪನಿ ಹೇಗೂ ಕೊಡುವ ಮೊದಲ ವರ್ಷವೂ ಸೇರಿ ಮೂರು. ಆಗ ನೀವು ದುಡ್ಡು ಕೊಡುತ್ತಿರುವುದು ಎರಡೇ ವರ್ಷಕ್ಕೆ. ಸರ್ಟಿಫಿಕೇಟಿನಲ್ಲಿ ಶುರುವಾಗುವ ತಾರೀಖು, ಮುಗಿಯುವ ತಾರೀಖು ಎರಡೂ ಅಚ್ಚಾಗಿರಬೇಕು. ಇನ್ನೊಂದು ಸಂಗತಿ: ಗೃಹಪ್ರವೇಶಕ್ಕೆಂದು ಎರಡು ಮೂರು ತಿಂಗಳು ಮೊದಲೇ ಆಷಾಢದ ಆಫರಿನಲ್ಲಿ ಸಾಮಾನು ಕೊಂಡು ಡಬ್ಬಿ ಒಡೆಯದೆ ಇಡುವವರು ನಮ್ಮಲ್ಲಿ ಬಹಳ. ವಾರಂಟಿ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದಲೇ ಓಡಲು ಶುರುವಾಗುತ್ತದೆ. ಅದನ್ನು ಅಳವಡಿಸಿದ ದಿನದಿಂದ ಲೆಕ್ಕ ಹಾಕಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಕಂಪನಿಗಳಿಗೆ ಹೇಳಿತ್ತು. ಕೊಳ್ಳುವ ಮೊದಲೇ ಇದನ್ನು ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಈಗ ಸಾಮಾನುಗಳ ಸರದಿ. ಹೆಚ್ಚು ಹೇಳಬೇಕಾಗಿರುವುದು ಎಸಿ ಬಗ್ಗೆ.

ಎಸಿ ಜಾಹೀರಾತಿನಲ್ಲಿ "10 ವರ್ಷ ವಾರಂಟಿ" ಎಂದು ದಪ್ಪಕ್ಷರದಲ್ಲಿರುತ್ತದೆ. ಅದು ಕಂಪ್ರೆಸರಿಗೆ ಮಾತ್ರ. ಇಡೀ ಯಂತ್ರಕ್ಕೆ ಇರುವುದು ಹೆಚ್ಚಾಗಿ 1 ವರ್ಷ, ಕೆಲವು ಕಂಪನಿಗಳು ಬೋರ್ಡಿಗೆ, ಅಂದರೆ ಪಿಸಿಬಿಗೆ, 5 ವರ್ಷ ಕೊಡುತ್ತವೆ. ಆರನೇ ವರ್ಷದಲ್ಲಿ ಕಂಪ್ರೆಸರ್ ಹೋಯಿತು ಅನ್ನಿ. ಕಂಪ್ರೆಸರ್ ಬಿಟ್ಟಿ ಬರುತ್ತದೆ, ಆದರೆ ಗ್ಯಾಸ್, ವೆಲ್ಡಿಂಗ್, ಕೂಲಿ, ಸಾಗಾಣಿಕೆ ನಿಮ್ಮದೇ ಆಗಿ ನಾಲ್ಕೈದು ಸಾವಿರದ ಬಿಲ್ಲು ಬರುತ್ತದೆ. ಅಲ್ಲದೆ ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿಗಿಂತ ಮೊದಲು ಹೋಗುವುದು ಎರಡು: ಹೊರಗಿನ ಯೂನಿಟ್ಟಿನ ಬೋರ್ಡು ಮತ್ತು ಗ್ಯಾಸು.

ಬೋರ್ಡು ಕೂತಿರುವುದು ಹೊರ ಯೂನಿಟ್ಟಿನ ಮೇಲಿನ ಮುಚ್ಚಳದ ಕೆಳಗೆ, ಕಂಪ್ರೆಸರಿನ ನೆತ್ತಿಯ ಮೇಲೆ. ಬೆಚ್ಚಗಿನ ಜಾಗ, ರಾತ್ರಿ ಬಾಲ್ಕನಿ ದೀಪಕ್ಕೆ ಹುಳ ಬರುತ್ತವೆ, ಹುಳ ಹುಡುಕಿಕೊಂಡು ಹಲ್ಲಿ ಬರುತ್ತದೆ, ವೈರು ಒಳಹೋಗುವ ತೂತಿನಿಂದ ನುಸುಳಿ ಬೋರ್ಡಿನ ಎರಡು ಕಾಲುಗಳ ನಡುವೆ ಸಿಕ್ಕಿ ಶಾರ್ಟ್ ಆಗುತ್ತದೆ. ಮುಚ್ಚಳ ತೆಗೆದರೆ ಸುಟ್ಟ ಕಪ್ಪು ಕಲೆ, ಪಕ್ಕದಲ್ಲಿ ಒಣಗಿದ ಹಲ್ಲಿ. ಮೆಕ್ಯಾನಿಕ್ ಜಾಬ್ ಶೀಟಿನಲ್ಲಿ "ಕೀಟ ಅಥವಾ ಪ್ರಾಣಿಯಿಂದ ಹಾನಿ" ಎಂದು ಬರೆದ ಕೂಡಲೇ ಕ್ಲೇಮು ಮುಗಿಯಿತು, ಏಕೆಂದರೆ ಇಲಿ, ಹಲ್ಲಿ, ಇರುವೆಯಿಂದಾದ ಹಾನಿಯನ್ನು ಬಹುತೇಕ ಎಲ್ಲ ಪ್ಲ್ಯಾನುಗಳೂ ಹೊರಗಿಟ್ಟಿರುತ್ತವೆ. ವೋಲ್ಟೇಜ್ ಏರಿಳಿತ ಮತ್ತು ಸಿಡಿಲಿನ ಕತೆಯೂ ಇದೇ. "ಸ್ಟೆಬಿಲೈಜರ್ ಬೇಕಿಲ್ಲ" ಎಂದು ಮಾರಿದ ಎಸಿಗೂ ಇಂತಿಷ್ಟು ವೋಲ್ಟಿನಿಂದ ಇಂತಿಷ್ಟು ವೋಲ್ಟಿನ ಒಳಗೆ ಎಂಬ ಮಿತಿ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಬೋರ್ಡು ಬದಲಿಸಲು ಮಾಡೆಲ್ ನೋಡಿಕೊಂಡು ಐದರಿಂದ ಹನ್ನೆರಡು ಸಾವಿರ ಬೀಳುತ್ತದೆ. ಇದಕ್ಕೆ ಪ್ಲ್ಯಾನಿಗಿಂತ ಒಳ್ಳೆಯ ರಕ್ಷಣೆ ಇದೆ: 1.5 ಟನ್ ಎಸಿಗೆ 4 ಕೆವಿಎ ಸ್ಟೆಬಿಲೈಜರ್, ವೈರು ನುಸುಳುವ ತೂತಿಗೆ ಎಸಿ ಪುಟ್ಟಿ, ಹೊರ ಯೂನಿಟ್ಟಿನ ಹತ್ತಿರ ರಾತ್ರಿಯಿಡೀ ಉರಿಯುವ ದೀಪ ಇಲ್ಲದಂತೆ ನೋಡಿಕೊಳ್ಳುವುದು, ಸರಿಯಾದ ಅರ್ತಿಂಗ್. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿದರೆ ಎರಡು ಮೂರು ವೋಲ್ಟ್ ದಾಟಬಾರದು. ಎಸಿ ಕೂರಿಸುವ ದಿನವೇ ಇದನ್ನು ಅಳೆಸಿ.

ಗ್ಯಾಸಿನದು ಇನ್ನೂ ನಾಜೂಕು. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32. ಪೈಪು ಜೋಡಿಸಿದ ಫ್ಲೇರ್ ನಟ್ಟಿನಲ್ಲಿ ಸೋರುತ್ತಿದ್ದರೆ ಅದು ಅಳವಡಿಸುವಾಗಿನ ತಪ್ಪು, ಸಾಮಾನ್ಯವಾಗಿ ಮೊದಲ ಬೇಸಿಗೆಯೊಳಗೇ ಗೊತ್ತಾಗುತ್ತದೆ. ಒಳಗಿನ ಕಾಯಿಲಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುವುದು ಎರಡು ಮೂರು ವರ್ಷವಾದ ಮೇಲೆ. ಪ್ಲ್ಯಾನಿನ ಷರತ್ತಿನಲ್ಲಿ ಇಲ್ಲಿ ಮೂರು ಮಾತು ಹುಡುಕಿ. ಗ್ಯಾಸ್ ಚಾರ್ಜ್ ಸೇರಿದೆಯೇ, ಅಥವಾ ಅದು ಖರ್ಚಾಗುವ ವಸ್ತು ಎಂದು ಹೊರಗಿಟ್ಟಿದ್ದಾರೆಯೇ? ಸೇರಿದ್ದರೆ ಎಷ್ಟು ಸಲ? ತುಕ್ಕು ಹಿಡಿದು ಆದ ಸೋರಿಕೆಗೂ ಅನ್ವಯಿಸುತ್ತದೆಯೇ? ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಕಾಯಿಲಿಗೆ ಬರುವ ರೋಗವೇ ತುಕ್ಕು. ಅದನ್ನು ಹೊರಗಿಟ್ಟ ಪ್ಲ್ಯಾನು ಕರಾವಳಿಯವರಿಗೆ ಉಪಯೋಗಕ್ಕೆ ಬರುವುದಿಲ್ಲ. ಗ್ಯಾಸ್ ಒಂದು ಸಲ ತುಂಬಿಸಲು ಎರಡೂವರೆಯಿಂದ ನಾಲ್ಕು ಸಾವಿರ. ಸೋರುವ ಜಾಗ ಹುಡುಕದೆ ಬರೀ ಗ್ಯಾಸ್ ತುಂಬಿ ಹೋದರೆ ಕೆಲವೇ ವಾರದಲ್ಲಿ ಮತ್ತೆ ಬಿಸಿಗಾಳಿ ಬರುತ್ತದೆ. ನೈಟ್ರೋಜನ್ ಹಾಕಿ ಪ್ರೆಷರ್ ಟೆಸ್ಟ್ ಮಾಡಿಸಿ, ಪ್ಲ್ಯಾನಿನಲ್ಲಿ ಬಂದವನಾಗಲಿ ಹೊರಗಿನವನಾಗಲಿ.

ಒಟ್ಟಿನಲ್ಲಿ ಎಸಿಗೆ ನಮ್ಮ ತೀರ್ಪು ಊರಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಮೂರು ತಿಂಗಳು, ಅದೂ ರಾತ್ರಿ ಮಾತ್ರ ಓಡಿಸುವ ಎಸಿಗೆ ಬೇಡ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಫೆಬ್ರವರಿ ಕೊನೆಯಿಂದ ಜೂನ್‌ವರೆಗೆ ಹಗಲೂ ರಾತ್ರಿ ಓಡುವ ಎಸಿಗೆ, ಬೋರ್ಡು ಮತ್ತು ಗ್ಯಾಸ್ ಎರಡೂ ಸೇರಿರುವ ಕಂಪನಿಯದೇ ಪ್ಲ್ಯಾನಾದರೆ ಕೊಳ್ಳಬಹುದು. ಕರಾವಳಿಯಲ್ಲಿ ತುಕ್ಕಿನ ಷರತ್ತು ಓದಿದ ಮೇಲೆ ತೀರ್ಮಾನ.

ವಾಷಿಂಗ್ ಮಷೀನಿನಲ್ಲಿ, ಅದರಲ್ಲೂ ಫ್ರಂಟ್ ಲೋಡಿನಲ್ಲಿ, ಕೆಡುವ ಪಾರ್ಟಿಗೂ ಪ್ಲ್ಯಾನು ಕೊಡುವ ಪಾರ್ಟಿಗೂ ತಾಳೆಯೇ ಆಗುವುದಿಲ್ಲ. ಒಂದೊಂದಾಗಿ ನೋಡಿ. ಡ್ರೈನ್ ಪಂಪ್ ಹೋಗುವುದು ನಾಣ್ಯ, ಹೇರ್‌ಪಿನ್, ಸೇಫ್ಟಿ ಪಿನ್ ಸಿಕ್ಕಿಕೊಂಡು. ಹೊರಗಿನ ವಸ್ತುವಿನಿಂದಾದ ಹಾನಿ ಎಂದು ಬಿಡುತ್ತಾರೆ. ಬಾಗಿಲ ಸುತ್ತಿನ ಗ್ಯಾಸ್ಕೆಟ್ ಹರಿಯುವುದು, ಕಪ್ಪು ಬೂಸ್ಟು ಹಿಡಿಯುವುದು ಸಾಮಾನ್ಯ. ರಬ್ಬರು, ಪ್ಲಾಸ್ಟಿಕ್ಕು, ಗಾಜು ಹೊರಗೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಹೀಟರಿಗೆ ಸುಣ್ಣದ ಪೊರೆ ಕಟ್ಟುತ್ತದೆ, ನೀರು ಬರುವ ವಾಲ್ವಿನ ಜಾಲರಿ ಮುಚ್ಚಿಹೋಗುತ್ತದೆ. ನೀರಿನ ಗುಣದಿಂದಾದ ತೊಂದರೆ, ಅದೂ ಹೊರಗೆ. ಇಲಿ ವೈರು ಕಡಿದರೆ ಮೇಲೆ ಹೇಳಿದ್ದೇ.

ದೊಡ್ಡ ಬಿಲ್ಲು ಬರುವುದು ಸ್ಪೈಡರ್ ಮತ್ತು ಬೇರಿಂಗಿನಿಂದ. ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಅಲ್ಯೂಮಿನಿಯಂ ಎರಕದ ತುಂಡೊಂದು ಇರುತ್ತದೆ, ಅದೇ ಸ್ಪೈಡರ್. ಸೋಪಿನಪುಡಿ ಬೇಕಾದ್ದಕ್ಕಿಂತ ಹೆಚ್ಚು ಹಾಕಿ, ಯಾವಾಗಲೂ ತಣ್ಣೀರಿನಲ್ಲೇ ಒಗೆದರೆ ಕರಗದ ಸೋಪು ಅದರ ಸಂದಿಯಲ್ಲಿ ಕೂತು ಲೋಹವನ್ನು ತಿನ್ನುತ್ತದೆ. ಬಿಚ್ಚಿದರೆ ಬಿಳಿ ಪುಡಿಯಂತೆ ಉದುರುತ್ತದೆ. ಸ್ಪಿನ್ ಆಗುವಾಗ ಡ್ರಮ್ಮು ಬಡಿಯುವ ಶಬ್ದ ಬಂದರೆ ಇದರ ಮೇಲೂ ಅನುಮಾನ ಪಡಬೇಕು. ಕೆಲವು ಮಾಡೆಲ್‌ಗಳಲ್ಲಿ ಟಬ್ಬನ್ನು ಬೆಸೆದೇ ಮುಚ್ಚಿರುತ್ತಾರೆ, ಆಗ ಬೇರಿಂಗ್ ಒಂದನ್ನೇ ಬದಲಿಸಲು ಬಾರದೆ ಟಬ್ ಇಡಿಯಾಗಿ ಹಾಕಬೇಕು, ಎಂಟು ಹತ್ತು ಸಾವಿರದ ಮಾತು. ಈ ತೊಂದರೆ ಸಾಮಾನ್ಯವಾಗಿ ತಲೆದೋರುವುದು ನಾಲ್ಕನೇ ವರ್ಷದ ಮೇಲೆ, ಪ್ಲ್ಯಾನು ಮುಗಿಯುವ ಆಸುಪಾಸಿನಲ್ಲಿ. ಪ್ಲ್ಯಾನು ಚಾಲ್ತಿಯಲ್ಲಿದ್ದರೂ ತುಕ್ಕು ಎಂದು ಬದಿಗೆ ಸರಿಸುವುದು ಅವರಿಗೆ ಸುಲಭ.

ಇಷ್ಟೆಲ್ಲ ಕಳೆದರೆ ಉಳಿಯುವುದು ಮೋಟರು ಮತ್ತು ಬೋರ್ಡು. ಮೋಟರಿಗೆ ಬಹಳಷ್ಟು ಕಂಪನಿಗಳು ಹತ್ತು ವರ್ಷ ಹೇಗೂ ಕೊಟ್ಟಿವೆ, ಇಡೀ ಮಷೀನಿಗೆ ಎರಡು ವರ್ಷವೂ ಇದೆ. ಅಂದರೆ ನೀವು ಕೊಡುವ ಮೂರು ನಾಲ್ಕು ಸಾವಿರ ಬೋರ್ಡೊಂದಕ್ಕೆ. ಆ ದುಡ್ಡಿನ ಬದಲು ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಬಿಸಿನೀರಿನಲ್ಲಿ ಟಬ್ ಕ್ಲೀನ್ ಮೋಡಿನಲ್ಲಿ ಓಡಿಸಿ, ಕೆಳಗಿನ ಪಂಪ್ ಫಿಲ್ಟರ್ ಬಿಚ್ಚಿ ತೊಳೆಯಿರಿ, ಮೂರು ತಿಂಗಳಿಗೊಮ್ಮೆ ನೀರಿನ ಪೈಪಿನ ಜಾಲರಿ ಶುಚಿ ಮಾಡಿ, ಸೋಪು ಅಳತೆಯಲ್ಲಿ ಹಾಕಿ, ಒಗೆದಾದ ಮೇಲೆ ಬಾಗಿಲು ತೆರೆದಿಡಿ. ಫ್ರಂಟ್ ಲೋಡಿಗೆ ಪ್ಲ್ಯಾನು ಬೇಡ. ಟಾಪ್ ಲೋಡಿಗೆ, ಸೆಮಿಗೆ ಯೋಚಿಸುವುದೂ ಬೇಡ; ಅವುಗಳ ಪಾರ್ಟ್ ಅಗ್ಗ, ಸ್ಥಳೀಯ ಮೆಕ್ಯಾನಿಕ್ಕುಗಳಿಗೆ ಕೆಲಸ ಚೆನ್ನಾಗಿ ಗೊತ್ತು.

ಫ್ರಿಜ್ಜಿಗೂ ಬೇಡ. ಕಂಪ್ರೆಸರಿಗೆ ಹತ್ತು ವರ್ಷ ಇದೆ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಮೇಲಿನ ಖಾನೆ ತಣ್ಣಗಿದ್ದು ಕೆಳಗೆ ತಂಪಾಗದಿದ್ದರೆ ಡಿಫ್ರಾಸ್ಟ್ ಹೀಟರ್, ಬೈಮೆಟಲ್, ಸೆನ್ಸರ್, ಫ್ಯಾನ್ ಮೋಟರ್ ಇವುಗಳಲ್ಲೊಂದು ಹೋಗಿರುತ್ತದೆ, ಯಾವುದಾದರೂ ಮೂರು ಸಾವಿರದೊಳಗೆ ಸರಿಹೋಗುತ್ತದೆ. ಅಪರೂಪಕ್ಕೆ ಗೋಡೆಯ ಫೋಮಿನೊಳಗೆ ಹುದುಗಿದ ಪೈಪು ಸೋರಿದರೆ ಮಾತ್ರ ರಿಪೇರಿ ಕಷ್ಟ. ಲಕ್ಷ ರೂಪಾಯಿ ದಾಟಿದ, ಸ್ಕ್ರೀನು, ಐಸ್ ಮೇಕರು ಇರುವ ಸೈಡ್ ಬೈ ಸೈಡ್ ಕೊಳ್ಳುವವರು ಬೇಕಾದರೆ ಈ ಸೋರಿಕೆ ಪ್ಲ್ಯಾನಿನ ಒಳಗಿದೆಯೇ ಎಂದು ಕೇಳಿ ಕಂಪನಿಯ ಪ್ಲ್ಯಾನು ತೆಗೆದುಕೊಳ್ಳಲಿ.

ಟಿವಿಯ ಲೆಕ್ಕ ಪೂರ್ತಿ ಉಲ್ಟಾ. ಟಿವಿಯ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ಯಾನೆಲ್ ಒಂದರದೇ. ಪವರ್ ಬೋರ್ಡು, ಮೈನ್ ಬೋರ್ಡು, ಬ್ಯಾಕ್‌ಲೈಟಿನ ಎಲ್‌ಇಡಿ ಪಟ್ಟಿ ಹೋದರೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಪರದೆಯ ಮೇಲಿಂದ ಕೆಳಕ್ಕೆ ಗೆರೆ ಬಿತ್ತೆಂದರೆ, ಅರ್ಧ ಪರದೆ ಕಪ್ಪಾಯಿತೆಂದರೆ, ಬಹಳ ಸಲ ಅದು ಪ್ಯಾನೆಲ್ಲಿನ ಅಂಚಿಗೆ ಅಂಟಿಸಿದ ತೆಳು ಪಟ್ಟಿಯ ದೋಷ. ಸರ್ವಿಸ್ ಸೆಂಟರು ಪಟ್ಟಿ ಬದಲಿಸುವುದಿಲ್ಲ, ಪ್ಯಾನೆಲ್ಲೇ ಬದಲಿಸಬೇಕು ಎನ್ನುತ್ತದೆ. ಎಸ್ಟಿಮೇಟು ನೋಡಿದರೆ ಹೊಸ ಟಿವಿಯೇ ಕೊಳ್ಳಬಹುದು ಅನ್ನಿಸುತ್ತದೆ. ಈ ಗೆರೆ ಯಾರು ಒಡೆದದ್ದೂ ಅಲ್ಲ, ಬಳಸುವವರ ತಪ್ಪೂ ಅಲ್ಲ, ಆದ್ದರಿಂದ ಪ್ಲ್ಯಾನಿನವರು ಜಾರಿಕೊಳ್ಳಲು ದಾರಿ ಕಡಿಮೆ. 55 ಇಂಚು ಮತ್ತು ಮೇಲಿನ ಟಿವಿಗೆ, ಪ್ಯಾನೆಲ್ ಸೇರಿದೆ ಎಂದು ಅಕ್ಷರದಲ್ಲಿ ಬರೆದಿರುವ ಪ್ಲ್ಯಾನಾದರೆ, ಎರಡು ವರ್ಷಕ್ಕೆ ಕೊಳ್ಳುವುದು ಒಳ್ಳೆಯದು ಎಂದೇ ನಮ್ಮ ಅಭಿಪ್ರಾಯ. ಓಎಲ್‌ಇಡಿ ಕೊಳ್ಳುವವರು ಗಮನಿಸಿ: ನ್ಯೂಸ್ ಚಾನೆಲ್ಲಿನ ಲೋಗೊ ಪರದೆಯಲ್ಲಿ ಅಚ್ಚೊತ್ತಿ ಉಳಿಯುವ ಬರ್ನ್-ಇನ್ ಸಾಮಾನ್ಯವಾಗಿ ಹೊರಗಿರುತ್ತದೆ. 32, 43 ಇಂಚಿಗೆ ಬೇಡ.

ಲ್ಯಾಪ್‌ಟಾಪಿಗೆ ಅಂಗಡಿಯ ಪ್ಲ್ಯಾನು ಬಿಟ್ಟು ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಮೂಲ ವಾರಂಟಿ ಮುಗಿಯುವ ಮೊದಲು ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಗೆ ಏರಿಸಿಕೊಳ್ಳಲು ಹಲವು ದೊಡ್ಡ ಕಂಪನಿಗಳು ಅವಕಾಶ ಕೊಡುತ್ತವೆ. ಮದರ್‌ಬೋರ್ಡು ದುಬಾರಿ, ಈಗ ರ‍್ಯಾಮು ಕೂಡ ಎಷ್ಟೋ ಮಾಡೆಲ್‌ಗಳಲ್ಲಿ ಅದಕ್ಕೇ ಬೆಸೆದಿರುತ್ತದೆ, ಹಾಗಾಗಿ ಇದು ಕೊಳ್ಳಲು ಯೋಗ್ಯ. ಬ್ಯಾಟರಿಗೆ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷ, ವಾರಂಟಿ ಮೂರು ವರ್ಷಕ್ಕೆ ಏರಿಸಿದರೂ ಅದು ತಾನಾಗಿ ಏರುವುದಿಲ್ಲ. ಕಾಫಿ ಚೆಲ್ಲಿದರೆ, ಕೆಳಗೆ ಬಿದ್ದರೆ ಬೇಕಾಗುವುದು ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ. ಅದು ಬೇರೆಯೇ ಪ್ಲ್ಯಾನು, ಕೊಂಡ ಹೊಸತರಲ್ಲೇ ತೆಗೆದುಕೊಳ್ಳಬೇಕು. ಫೋನಿಗೂ ಇದೇ ಮಾತು: ಫೋನಿನಲ್ಲಿ ಒಡೆಯುವುದು ಸ್ಕ್ರೀನು, ಬರೀ ಎಕ್ಸ್‌ಟೆಂಡೆಡ್ ವಾರಂಟಿ ಅದಕ್ಕೆ ಬರುವುದಿಲ್ಲ.

ಬೆಲೆ ಸರಿಯೇ ಎಂದು ತೂಗುವುದು ಹೀಗೆ. ಪ್ಲ್ಯಾನಿನ ಬೆಲೆಯನ್ನು, ಶೇ 18 ಜಿಎಸ್‌ಟಿ ಸೇರಿಸಿ, ಆ ಸಾಮಾನಿನ ಅತಿ ದುಬಾರಿ ರಿಪೇರಿಯಿಂದ ಭಾಗಿಸಿ. ಎಸಿ ಪ್ಲ್ಯಾನು 4,000, ಬೋರ್ಡಿನ ರಿಪೇರಿ 8,000 ಅಂದುಕೊಳ್ಳಿ. ಬೋರ್ಡು ಆ ಎರಡು ವರ್ಷದಲ್ಲಿ ಹೋಗುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೆ ಮಾತ್ರ ಲೆಕ್ಕ ಸರಿಸಮ. ಅಷ್ಟು ಬೇಗ ಕೆಡುವ ಎಸಿಯನ್ನು ಕೊಳ್ಳುವುದೇ ತಪ್ಪು. 90,000ದ ಟಿವಿಗೆ 5,000 ಪ್ಲ್ಯಾನು, ಪ್ಯಾನೆಲ್ 50,000 ಆದರೆ ಹತ್ತರಲ್ಲಿ ಒಂದು ಸಾಧ್ಯತೆಯಿದ್ದರೂ ಸಾಕು. ಎರಡು ವರ್ಷದ ಪ್ಲ್ಯಾನು ಸಾಮಾನಿನ ಬೆಲೆಯ ಶೇ 8 ದಾಟಿದರೆ ಟಿವಿಗೂ ಬೇಡ.

ಲೆಕ್ಕವನ್ನು ಕೆಡಿಸುವ ಷರತ್ತು ಇನ್ನೊಂದಿದೆ, ಸವಕಳಿ. ರಿಪೇರಿ ಆಗದಿದ್ದರೆ ಬದಲಿ ಸಾಮಾನು ಕೊಡುತ್ತೇವೆ ಎಂದು ಬಾಯಲ್ಲಿ ಹೇಳುತ್ತಾರೆ; ಕಾಗದದಲ್ಲಿ ಸವಕಳಿ ಕಳೆದ ಮೊತ್ತ ಎಂದಿರುತ್ತದೆ. ವರ್ಷಕ್ಕೆ ಶೇ 20 ಕಡಿತ ಎಂದಿದ್ದರೆ 60,000ದ ಟಿವಿಗೆ ಎರಡು ವರ್ಷ ತುಂಬಿದ ಮೇಲೆ ಸಿಗುವುದು 36,000. ಅದು ನಗದೋ, ಅದೇ ಅಂಗಡಿಯ ವೋಚರೋ ಎಂದೂ ನೋಡಿ. ಹಳೇ ಟಿವಿ ಅವರು ಒಯ್ಯುತ್ತಾರೆ, ಪ್ಲ್ಯಾನು ಅಲ್ಲಿಗೆ ಮುಗಿಯುತ್ತದೆ.

ಕೌಂಟರಿನಲ್ಲಿ ಅವಸರ ಮಾಡುವ ಅಗತ್ಯವೇ ಇಲ್ಲ. "ಈಗ ಬಿಟ್ಟರೆ ಮತ್ತೆ ಸಿಗಲ್ಲ" ಎಂಬುದು ಅಂಗಡಿಯ ಪ್ಲ್ಯಾನಿಗೆ ನಿಜವಿರಬಹುದು. ತಯಾರಕರ ಪ್ಲ್ಯಾನನ್ನು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಲು ಬಹಳಷ್ಟು ಕಂಪನಿಗಳು ಬಿಡುತ್ತವೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೊನೆಯ ದಿನ ಯಾವುದೆಂದು ಕೇಳಿಟ್ಟುಕೊಳ್ಳಿ, ಹತ್ತು ತಿಂಗಳು ಬಳಸಿ ನೋಡಿ, ಆಗಲೇ ಒಂದೆರಡು ಸಲ ಮೆಕ್ಯಾನಿಕ್ ಬಂದು ಹೋಗಿದ್ದರೆ ಕೊಳ್ಳಿ. ಕೌಂಟರಿನಲ್ಲೇ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಷರತ್ತುಗಳ ಪೂರ್ತಿ ಪ್ರತಿಯನ್ನು ವಾಟ್ಸ್ಯಾಪಿಗೆ ಹಾಕಿಸಿಕೊಂಡು ಹೊರಗಿಟ್ಟವುಗಳ ಪಟ್ಟಿ ಓದಿ. ಸರ್ಟಿಫಿಕೇಟಿನ ಸೀರಿಯಲ್ ನಂಬರು ಸಾಮಾನಿನ ಹಿಂದಿನ ಸ್ಟಿಕರಿಗೆ ತಾಳೆಯಾಗಬೇಕು. ಡೆಮೊ ತುಂಡಿನ ನಂಬರೋ ಗೋಡೌನಿನ ಇನ್ನೊಂದು ತುಂಡಿನದೋ ಹಾಕಿಬಿಟ್ಟಿರುವ ಸಂದರ್ಭಗಳಿವೆ, ಅದು ಗೊತ್ತಾಗುವುದು ಕ್ಲೇಮಿನ ದಿನ. ಥರ್ಮಲ್ ಪೇಪರಿನ ಬಿಲ್ಲು ವರ್ಷದೊಳಗೆ ಮಾಸಿಹೋಗುತ್ತದೆ, ಅವತ್ತೇ ಫೋಟೊ ತೆಗೆದಿಡಿ. ಮಗಳ ಮದುವೆಗೆ ಕೊಡುವ ಸಾಮಾನಾದರೆ ಪ್ಲ್ಯಾನು ಹೆಸರು ಬದಲಿಗೆ, ಊರು ಬದಲಿಗೆ ಒಪ್ಪುತ್ತದೆಯೇ ಎಂದು ಕೇಳಿ.

ಇಎಂಐನಲ್ಲಿ ಕೊಳ್ಳುವವರು ಸಾಲದ ಕಾಗದವನ್ನೂ ನೋಡಲೇಬೇಕು. ಪ್ಲ್ಯಾನಿನ ದುಡ್ಡನ್ನು ಸಾಲಕ್ಕೆ ಸೇರಿಸಿ ತಿಂಗಳಿಗೆ ಇನ್ನೂರೋ ಮುನ್ನೂರೋ ಹೆಚ್ಚು ಮಾಡಿದರೆ ಗೊತ್ತೇ ಆಗುವುದಿಲ್ಲ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಕಾಗದ, ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದನ್ನು ಕೇಳಿ ತೆಗೆದುಕೊಂಡು ಸಾಲದ ಮೊತ್ತ ಸಾಮಾನಿನ ಬೆಲೆಗೆ ಸರಿಯಿದೆಯೇ ನೋಡಿ. ಆನ್‌ಲೈನಿನಲ್ಲಿ ನೀವು ಕೇಳದೆಯೇ ಪ್ಲ್ಯಾನು ಕಾರ್ಟಿಗೆ ಬಂದು ಕೂತಿದ್ದರೆ ಅದು ಕಾನೂನಿಗೆ ವಿರುದ್ಧ. 2023ರ ನವೆಂಬರ್ 30ರಂದು ಪ್ರಕಟವಾದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಪಟ್ಟಿ ಮಾಡಿರುವ 13 ಮೋಸದ ವಿಧಾನಗಳಲ್ಲಿ ಇದೂ ಒಂದು.

ಕ್ಲೇಮು ಮಾಡುವಾಗ ಮೊದಲ ಎಚ್ಚರ, ಸ್ಥಳೀಯ ಮೆಕ್ಯಾನಿಕ್ಕಿನಿಂದ ಸಾಮಾನು ಬಿಚ್ಚಿಸಬೇಡಿ. ಸೀಲು ತೆರೆದಿದ್ದರೆ ಅದನ್ನೇ ಕಾರಣ ಮಾಡುತ್ತಾರೆ. ತೊಂದರೆಯ ವಿಡಿಯೊ ಮಾಡಿ, ದೂರಿನ ನಂಬರಿನ ಎಸ್ಸೆಮ್ಮೆಸ್ ಅಳಿಸಬೇಡಿ. ಬಂದವನು ಜಾಬ್ ಶೀಟಿನಲ್ಲಿ ಕಾರಣ ಬರೆಯುವ ಜಾಗ ಖಾಲಿಯಿದ್ದರೆ ಸಹಿ ಹಾಕಬೇಡಿ. ಕ್ಲೇಮು ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಎಷ್ಟೋ ದೂರುಗಳು ಅಲ್ಲೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಪ್ಲ್ಯಾನು ನಡೆಸುವ ಕಂಪನಿಯನ್ನು ಮಾತ್ರವಲ್ಲ, ಅದನ್ನು ಮಾರಿ ಬಿಲ್ಲು ಕೊಟ್ಟ ಅಂಗಡಿಯನ್ನೂ ಎದುರುದಾರರ ಪಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಈಗಾಗಲೇ ಪ್ಲ್ಯಾನು ಕೊಂಡಾಗಿದ್ದರೆ, ಮುಗಿಯುವ ತಾರೀಖಿಗೆ ಒಂದು ತಿಂಗಳು ಮೊದಲು ಫೋನಿನಲ್ಲಿ ರಿಮೈಂಡರ್ ಇಡಿ. ಟಿವಿಯಲ್ಲಿ ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ ಚಿತ್ರ ಹಾಕಿ ಗೆರೆಯೋ ಮಬ್ಬು ಕಲೆಯೋ ಇದೆಯೇ ನೋಡಿ. ಎಸಿಯನ್ನು 18 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಓಡಿಸಿ, ಒಳಗಿನ ಯೂನಿಟ್ಟಿಗೆ ಹೋಗುವ ಸಣ್ಣ ಪೈಪಿನ ಮೇಲೆ ಐಸು ಕಟ್ಟುತ್ತಿದೆಯೇ ಗಮನಿಸಿ; ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಏನೇ ಕಂಡರೂ ತಾರೀಖು ದಾಟುವ ಮೊದಲೇ ದೂರು ದಾಖಲಿಸಿ ನಂಬರ್ ಪಡೆಯಿರಿ. ಪಾರ್ಟ್ ಬರುವುದು ಪ್ಲ್ಯಾನು ಮುಗಿದ ಮೇಲಾದರೂ, ದೂರು ಕೊಟ್ಟ ದಿನ ಪ್ಲ್ಯಾನು ಚಾಲ್ತಿಯಲ್ಲಿತ್ತು ಎಂದು ತೋರಿಸಲು ಆ ನಂಬರೇ ಆಧಾರ.